ಕೇಸ್ ವರ್ಕರ್ ಮೇಡಂ ಗಂಡ

ನಮ್ಮ ಜೊತೆ ಧರಣಿ ಕೂತು ಕೂತು ನರೆತ ಈ ಆಸಾಮಿ ಹೆಂಡತಿಯ ಜೊತೆಗೇ ನೊಂದವರ ಅಹವಾಲು ಕೇಳುವ ಸರ್ಕಾರಿ ಕೇಸ್ ವರ್ಕರ್ ಕೆಲಸಕ್ಕೆ ಅರ್ಜಿ ಹಾಕಿದ. ಕೆಲಸ ಅವಳಿಗೆ ಸಿಕ್ಕಿತು, ಹೊಟ್ಟೆಯುರಿ ಇವನಿಗೆ. ಸಂದರ್ಶನದಲ್ಲಿ 'ನೊಂದವರು ಬಂದರೆ ಏನು ಮಾಡುತ್ತೀರಿ?' ಎಂದು ಕೇಳಿದ್ದಕ್ಕೆ ಮುಷ್ಟಿ ಎತ್ತಿ ಘೋಷಣೆ ಕೂಗಿದ್ದ. ದಿನಾ ಬೆಳಿಗ್ಗೆ ಅವಳ ಸೀರೆಗೆ ಇಸ್ತ್ರಿ ಹಾಕುತ್ತಾ, 'ಮೇಡಂ ಕುರ್ಚಿ ತಿರುಗುತ್ತೋ ಇಲ್ವೋ?' ಎಂದು ಚುಚ್ಚುತ್ತಾನೆ. 'ನಿಮ್ಮ ತಲೆಯಷ್ಟು ತಿರುಗಲ್ಲ ಬಿಡ್ರೀ' ಅಂತಾಳೆ ಅವಳು. ಅವಳ ಕಚೇರಿಯ ಫ್ಯಾನಿಗೆ, ಟೀಗೆ, ಸಂಜೆ ಸುಸ್ತಾಗಿ ಬಂದು ತೆಗೆಯುವ ಆಕಳಿಕೆಗೂ ಕರುಬುತ್ತಾನೆ. ವಯಸ್ಸು ಮೀರುವ ಮುನ್ನ ಇನ್ನೊಂದೇ ಸಲ ಅರ್ಜಿ ಹಾಕಬಹುದು, ಆ ಚಿಂತೆ ಬೇರೆ. ಸಂಬಳದ ಆಸೆ ಅಂತ ನಾವೆಲ್ಲ ನಗುತ್ತಿದ್ದೆವು. ಮೊನ್ನೆ ಅವಳು, 'ಇವತ್ತೊಬ್ಬ ಹೆಂಗಸು ನನ್ನ ಕೈ ಹಿಡ್ಕೊಂಡು ಅತ್ತುಬಿಟ್ಲು ರೀ' ಅಂದಳು. ಇವನು ಗೋಡೆ ನೋಡುತ್ತಾ, 'ಇಷ್ಟು ವರ್ಷ ಇಂಥವರಿಗೋಸ್ಕರವೇ ಬೀದಿಲಿ ಕೂಗ್ದೆ ಕಣೇ, ನನ್ನ ಹತ್ರ ಒಬ್ರೂ ಅಳಲಿಲ್ಲ' ಅಂದ.