ರಟ್ಟಿನ ತೂತುಗಳ ಎರಡು ನ್ಯಾಯ

ಗೋನೆಗಂಡ್ಲದ ನಮ್ಮ ಮನೆಗೆ ಸೀರೆಯಲ್ಲಿ ಚಿತ್ರ ಮೂಡಿಸುವ ಜಕಾರ್ಡ್ ಯಂತ್ರ ಬಂದದ್ದು ನಾನು ಮದುವೆಯಾಗಿ ಬಂದ ಎರಡನೇ ವರ್ಷ. ಅಲ್ಲಿಯವರೆಗೆ ಮಾವ ನೇಯುತ್ತಿದ್ದುದು ಬರೀ ಗೀಟಿನ ಸೀರೆ. ಆದೋನಿಯ ಸಾಹುಕಾರರು ಈ ಯಂತ್ರವನ್ನು ಮಗ್ಗದ ಮೇಲೆ ಕೂಡಿಸಿ, "ಒಂದು ಸೀರಿ ನೇಯ್ದು ತೋರ್ಸ್ರಿ. ಚಲೋ ಬಂದ್ರ ಇಲ್ಲೇ ಇರತೈತಿ. ಕೆಟ್ರ ಬಿಚ್ಚಿಕೊಂಡು ಹೋಗ್ತೀನಿ" ಎಂದರು.

ಆ ಯಂತ್ರಕ್ಕೆ ಹೇಳಬೇಕಾದ್ದನ್ನು ರಟ್ಟಿನ ಪಟ್ಟಿಗಳಲ್ಲಿ ತೂತು ಹೊಡೆದು ಹೇಳಬೇಕು. ತೂತಿದ್ದಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಇರುತ್ತದೆ. ಮಾವನ ಕಣ್ಣು ಮಂಜಾಗಿತ್ತು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದರೂ ನನಗೆ ಚಿತ್ರದ ಕಾಗದದ ಚೌಕಳಿ ಎಣಿಸಲು ಬರುತ್ತಿತ್ತು, ಹಾಗಾಗಿ ತೂತು ಹೊಡೆಯುವುದು ನನ್ನ ಪಾಲಿಗೆ ಬಂತು. ಸಾಹುಕಾರರ ಕಡೆಯವನೊಬ್ಬ ಅಂಚಿನ ಚಿತ್ರ ಇಟ್ಟುಕೊಂಡು ಕಲಿಸಿದ: ಚೌಕಳಿ ಕಾಗದದಲ್ಲಿ ಬಣ್ಣ ಇದ್ದಲ್ಲಿ ತೂತು.

ಮಾವ ಕಾಲುಹಲಗೆ ಒತ್ತಿದರು. ಕೆಂಪು ಎಳೆಗಳು ತಾವಾಗಿ ಎದ್ದು ಅಂಚಿನಲ್ಲಿ ಬಳ್ಳಿ ಮೂಡಿತು. ನಾನು ಬಾಗಿಲಲ್ಲಿ ಕೂತು ಹೊಡೆದ ತೂತನ್ನು ದಾರ ಓದುತ್ತಿತ್ತು. ಅದು ಕನ್ನಡವೂ ಅಲ್ಲ, ತೆಲುಗೂ ಅಲ್ಲ. ದೇವರ ಮುಂದೆ ಕೂಡ ನಾನು ಅಷ್ಟು ಹೊತ್ತು ಸುಮ್ಮನೆ ನಿಂತವಳಲ್ಲ.

ಸೆರಗಿಗೆ ಗಿಣಿ. ಅದೇ ನ್ಯಾಯದಲ್ಲಿ ತೂತು ಹೊಡೆದೆ. ಗೇಣುದ್ದ ನೇಯುವಷ್ಟರಲ್ಲಿ ಸುತ್ತಲೆಲ್ಲ ಕೆಂಪು ತುಂಬಿ, ಗಿಣಿ ಇರಬೇಕಾದ ಜಾಗ ಬೆಳ್ಳಗೆ ಉಳಿಯಿತು.

"ಗಿಣಿ ಹಾರಿಹೋಗೈತಿ, ಗೂಡು ಉಳದೈತಿ" ಎಂದರು ಅತ್ತೆ.

ಮಾವ ಮಗ್ಗದ ಮೇಲಿನ ಯಂತ್ರ ನೋಡುತ್ತ ಕೂತರು. ನಾನು ಬಟ್ಟೆಗೆ ಮೂಗು ತಾಗಿಸಿ ಒಂದೊಂದೇ ಎಳೆ ನೋಡಿದೆ. ಅಂಚಿನಲ್ಲಿ ಬಣ್ಣ ಇರುವುದು ಹಾಸಿನ ಎಳೆಯಲ್ಲಿ; ಕಾಣಬೇಕಾದರೆ ಅದು ಏಳಬೇಕು. ಸೆರಗಿನಲ್ಲಿ ಬಣ್ಣ ಇರುವುದು ಅಡ್ಡ ಹಾಯುವ ಹೊಕ್ಕಿನಲ್ಲಿ. ಅದು ಕಾಣಬೇಕಾದರೆ ಹಾಸು ಕೆಳಗೇ ಇರಬೇಕು. ಅಂದರೆ ಸೆರಗಿನಲ್ಲಿ ಬಣ್ಣ ಇದ್ದಲ್ಲಿ ತೂತು ಹೊಡೆಯಬಾರದು.

ಮರುದಿನ ಸಾಹುಕಾರರು ಬಂದರು. "ಏಮಮ್ಮಾ, ಇದೇನು ಮಾಡೀದಿ?"

"ಕೆಟ್ಟೈತ್ರಿ. ನಿಮ್ಮ ಮನುಷ್ಯ ಅರ್ಧ ಹೇಳಿ ಹೋಗ್ಯಾನ."

"ಅದು ಎಲ್ಲಾರಿಗೂ ಗೊತ್ತಿರೋದಮ್ಮಾ."

"ಗೊತ್ತಿದ್ದವ್ರಿಗೆ ಗೊತ್ತೈತ್ರಿ. ಎರಡು ನ್ಯಾಯ ಇಟ್ಟು ಕಾಗದದಾಗ ಒಂದೇ ಬಣ್ಣ ಯಾಕ ಹಚ್ಚೀರಿ?"

ಮಾವ ತಲೆ ತಗ್ಗಿಸಿದರು. ಸಾಹುಕಾರರು ಬಗ್ಗಿ ಬಟ್ಟೆಯ ಅಡಿಭಾಗ ನೋಡಿದರು. ಅಲ್ಲಿ ಕೆಂಪು ಗಿಣಿಗಳು ಕೊಕ್ಕು, ಕಣ್ಣು ಸಮೇತ ತಲೆಕೆಳಗಾಗಿ ಕೂತಿದ್ದವು. ಒಂದು ಚೌಕಳಿಯೂ ತಪ್ಪಿರಲಿಲ್ಲ.

"ಎಷ್ಟು ದಿನ ಬೇಕು?"

"ನಾಲ್ಕು."

ಸೆರಗಿನ ಪಟ್ಟಿಗಳನ್ನೆಲ್ಲ ಹೊಸದಾಗಿ ಕೊರೆದೆ. ಮಾವ ಕೆಟ್ಟದ್ದನ್ನು ಬಿಚ್ಚಿ ಮತ್ತೆ ನೇಯ್ದರು. ಈ ಸಲ ಗಿಣಿ ಮೇಲೆಯೇ ಮೂಡಿತು. ದಾರಕ್ಕೆ ತೂತಿನಲ್ಲಿ ಹೇಳಬಹುದೆಂದು ಮೊದಲು ಯೋಚಿಸಿದ ತಲೆ ಎಂಥದಿರಬೇಕು, ನನಗೆ ಇವತ್ತಿಗೂ ತಿಳಿಯದು. ಅಂಥ ತಲೆಯೂ ಇಂಥ ಗೊಂದಲ ಬಿಟ್ಟು ಹೋಗಿತ್ತು.

ಐದನೇ ದಿನ ಸಾಹುಕಾರರು ಸೀರೆ ಮಡಿಸಿಕೊಂಡರು. ಯಂತ್ರ ಬಿಚ್ಚುವ ಸುದ್ದಿ ಎತ್ತಲಿಲ್ಲ. ಮುಂದಿನ ಚಿತ್ರದ ಕಾಗದವನ್ನು ಮಾವನಿಗೆ ಕೊಡದೆ ನನ್ನ ಕೈಗೇ ಕೊಟ್ಟು ಬಸ್ಸಿಗೆ ನಡೆದರು.