ಸಾಹುಕಾರರಿಗೆ ನಲವತ್ತು ತುಂಬಿದ್ದು

ಅವರ ನಾಡಿ ಹಿಡಿಯಬೇಕಾದರೆ ಮೊದಲು ಗಡಿಯಾರವನ್ನು ಮೊಳಕೈ ಕಡೆಗೆ ಸರಿಸಬೇಕಾಗಿತ್ತು. ಎಲ್ಲರೂ ಗಡಿಯಾರದ ಮುಖ ಹೊರಗೆ ಕಾಣುವಂತೆ ಕಟ್ಟಿಕೊಂಡರೆ ಇವರು ಒಳಗಡೆಗೆ, ಸರಿಯಾಗಿ ನಾಡಿಯ ಮೇಲೇ ಕೂರುವಂತೆ ಕಟ್ಟುತ್ತಿದ್ದರು. ಅಗಲ ಮುಖದ ಉಕ್ಕಿನ ಗಡಿಯಾರ. ಅದನ್ನು ಸರಿಸಿದಾಗ ಕೆಳಗೆ ಬಿಸಿಲು ಕಾಣದ ಚರ್ಮ ಎಳೆ ಮಗುವಿನದರಂತೆ ಬೆಳ್ಳಗಿರುತ್ತಿತ್ತು. ಹೀಗೆ ಕಟ್ಟಿದರೆ ಕೈ ತಿರುಗಿಸದೆ ಹೊತ್ತು ನೋಡಬಹುದು ಎಂದು ಅವರ ವಾದ. ಆ ಕೈ ಹಿಡಿದಿರುತ್ತಿದ್ದದ್ದು ಬಸ್ಸಿನ ಸ್ಟಿಯರಿಂಗನ್ನಲ್ಲ, ವಿಮಾನದ ಹಿಡಿಕೆಯನ್ನು ಎಂಬುದು ಇಡೀ ಕಡೂರಿಗೆ ಗೊತ್ತಿತ್ತು.

ನಾನಾಗ ಕಡೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಷಾಪು ಇಟ್ಟುಕೊಂಡಿದ್ದೆ. ಡಾಕ್ಟರ್ ಷಾಪು ಅಂದರೆ ಬಣ್ಣದ ನೀರಿನ ಸೀಸೆಗಳು, ಒಂದು ಬೆಂಚು, ಪರದೆಯ ಹಿಂದೆ ಒಂದು ಮಂಚ, ಮತ್ತು ಸರ್ಟಿಫಿಕೇಟು ಕೇಳುವ ಜನ. ಸೂಜಿ ಚುಚ್ಚಿ ಎಂದೂ ದಣಿಯದ ನಾನು ಸರ್ಟಿಫಿಕೇಟು ಬರೆದು ದಣಿದಿದ್ದೆ. ಮದುವೆಯ ಕಾಲ ಬಂತೆಂದರೆ ತಾಲ್ಲೂಕಿನ ಅರ್ಧ ಮೇಷ್ಟ್ರುಗಳಿಗೆ ಒಟ್ಟಿಗೇ ಆಮಶಂಕೆ ಶುರುವಾಗುತ್ತಿತ್ತು. ಕೆಲಸಕ್ಕೆ ಸೇರುವವರು ಗಟ್ಟಿಯಾಗಿದ್ದೇವೆ ಎಂದು ಬರೆಸಿಕೊಳ್ಳುವರು, ರಜೆ ಬೇಕಾದವರು ಹಾಸಿಗೆ ಹಿಡಿದಿದ್ದೇವೆ ಎಂದು. ಮೈ ಹೇಗಿದೆ ಎಂದು ತಿಳಿಯಲು ಬರುವವರು ಯಾರೂ ಇರಲಿಲ್ಲ. ಇದ್ದವರು ಇವರೊಬ್ಬರೇ.

ಮೂರು ಬಸ್ಸುಗಳ ಒಡೆಯರು ಅವರು. ಬೀರೂರಿನ ಮೇಲೆ ಅಜ್ಜಂಪುರಕ್ಕೆ ಒಂದು, ತರೀಕೆರೆಗೆ ಒಂದು, ಯಗಟಿ ಕಡೆಗೆ ಒಂದು. ಜನ ಅವರನ್ನು ಸಾಹುಕಾರರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಬಸ್ಸಿನ ಬಿಡಿಭಾಗ ತರಲು ಬೆಂಗಳೂರಿಗೆ ಹೋದಾಗ ಯಾರೋ ಪರಿಚಯದವರು ವಿಮಾನ ಕಲಿಸುವ ಕ್ಲಬ್ಬಿಗೆ ಕರೆದುಕೊಂಡು ಹೋದರಂತೆ. ಅಲ್ಲಿಂದ ಬಂದವರಿಗೆ ಆಮೇಲೆ ನೆಲದ ಮೇಲೆ ಪೂರ್ತಿ ಮನಸ್ಸು ನಿಲ್ಲಲಿಲ್ಲ. ಶನಿವಾರ ರೈಲು ಹತ್ತುವುದು, ಭಾನುವಾರ ಹಾರುವುದು, ಸೋಮವಾರ ಬಂದು ಕಂಡಕ್ಟರುಗಳ ಜೊತೆ ಕೂಗಾಡುವುದು. ಹೀಗೆ ವರ್ಷಗಟ್ಟಲೆ ನಡೆದು, ಕೊನೆಗೆ ಖಾಸಗಿ ಪೈಲಟ್ ಎಂಬ ಲೈಸೆನ್ಸೂ ಸಿಕ್ಕಿತು. ಮೇಲಿನಿಂದ ನಮ್ಮ ಸೀಮೆ ಹೇಗೆ ಕಾಣುತ್ತದೆ ಎಂದು ಒಮ್ಮೆ ಕೇಳಿದೆ. "ಏನಿಲ್ಲ ಡಾಕ್ಟ್ರೇ. ಅಲ್ಲಿಂದ ನೋಡಿದ್ರೆ ತಾಲ್ಲೂಕು ಆಫೀಸೂ ಒಂದೇ, ಕುರಿ ರೊಪ್ಪನೂ ಒಂದೇ" ಎಂದರು.

ಬಸ್ಸು ಹೊರಡುವ ಮುಂಚೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಪ್ರತಿ ಗಾಲಿಯನ್ನೂ ಕೈಯಿಂದ ಮುಟ್ಟಿ ನೋಡುವುದು ಅವರ ಪದ್ಧತಿ. ವಿಮಾನದವರ ಅಭ್ಯಾಸ ಬಸ್ಸಿಗೆ ಬಂದಿತ್ತು. ಒಳಗೆ ಕೂತವರು ಬೆವರುತ್ತ ಗೊಣಗುತ್ತಿದ್ದರು. ಅಜ್ಜಂಪುರದ ಬಸ್ಸಿನ ಡ್ರೈವರು ಒಂದು ದಿನ ತಡೆಯಲಾರದೆ ಅಂದೇಬಿಟ್ಟ: "ಸಾವ್ಕಾರ್ರೇ, ಇದೇನ್ ಮ್ಯಾಲಕ್ಕೆ ಹಾರಲ್ಲ ಬಿಡಿ." ಇವರು ತಲೆಯೆತ್ತದೆ ಗಾಲಿ ಮುಟ್ಟುತ್ತಲೇ, "ಕೆಳಗೆ ಬೀಳಕ್ಕೆ ಮೇಲಕ್ಕೆ ಹಾರ್ಲೇಬೇಕು ಅಂತೇನಿಲ್ಲ ಕಣೋ" ಎಂದರು.

ಇನ್ನು ಅವರು ನನ್ನ ಷಾಪಿಗೆ ಬರುತ್ತಿದ್ದ ವಿಷಯ. ಪೈಲಟ್ಟಿಗೆ ಲೈಸೆನ್ಸೊಂದಿದ್ದರೆ ಸಾಲದು, ದೇಹ ನೆಟ್ಟಗಿದೆ ಎಂಬ ವೈದ್ಯಕೀಯ ಸರ್ಟಿಫಿಕೇಟೂ ಚಾಲ್ತಿಯಲ್ಲಿರಬೇಕು. ಅದನ್ನು ಕೊಡಲು ಬೆಂಗಳೂರಿನಲ್ಲಿ ಅದಕ್ಕೆಂದೇ ನೇಮಕವಾದ ಡಾಕ್ಟರಿದ್ದರು. ನನ್ನಂಥವನ ಸಹಿ ಅಲ್ಲಿ ನಡೆಯುವುದಿಲ್ಲ. ಆದರೂ ಅಲ್ಲಿಗೆ ಹೋಗುವ ಮುಂಚೆ ನನ್ನ ಮಂಚದ ಮೇಲೆ ಮಲಗಿ ಎದೆ, ಕಣ್ಣು, ಕಿವಿ, ರಕ್ತದೊತ್ತಡ ಎಲ್ಲ ತೋರಿಸಿಕೊಂಡೇ ಹೋಗುತ್ತಿದ್ದರು. ನಲವತ್ತರ ಒಳಗಿನವರಿಗೆ ಆ ಸರ್ಟಿಫಿಕೇಟಿಗೆ ಆಗ ಎರಡು ವರ್ಷದ ಆಯಸ್ಸು. ನಲವತ್ತು ತುಂಬಿತೋ, ಆಯಸ್ಸು ಅರ್ಧಕ್ಕಿಳಿದು ವರ್ಷಕ್ಕೊಂದು ಪರೀಕ್ಷೆ.

ಈ ನಲವತ್ತು ಅವರನ್ನು ಬಹಳ ಕಾಡುತ್ತಿತ್ತು. "ವರ್ಷ ವರ್ಷ ನೋಡಿದ್ರೆ ಏನಾದ್ರೂ ಒಂದು ಸಿಕ್ಕೇ ಸಿಗುತ್ತೆ ಡಾಕ್ಟ್ರೇ. ಮನೆ ಗೋಡೆ ದಿನಾ ತಟ್ಟಿ ನೋಡ್ರಿ, ಎಲ್ಲಾದ್ರೂ ಟೊಳ್ಳು ಸದ್ದು ಬರದೇ ಇರುತ್ತಾ?" ಎಂದು ಅಂಗಿ ಗುಂಡಿ ಹಾಕಿಕೊಳ್ಳುತ್ತ ನಗುತ್ತಿದ್ದರು. ಆ ನಗುವಿನಲ್ಲಿ ಅಳುಕು ಇರುತ್ತಿತ್ತು, ನನಗದು ಕಾಣುತ್ತಿತ್ತು.

ಶಾಲೆಯ ದಾಖಲೆಯ ಪ್ರಕಾರ ಅವರಿಗೆ ಮೂವತ್ತೊಂಬತ್ತಾದಾಗ ಒಂದು ಉಪಾಯ ಹೂಡಿದರು. ನಮ್ಮ ಕಡೆ ಆ ಕಾಲದವರ ಯಾರ ಹುಟ್ಟಿದ ತಾರೀಕೂ ನಿಜವಾದದ್ದಲ್ಲ. ಸ್ಕೂಲಿಗೆ ಸೇರಿಸುವ ದಿನ ಹೆಡ್ ಮೇಷ್ಟ್ರು ಮಗುವನ್ನೊಮ್ಮೆ ನೋಡಿ ಬರೆದುಕೊಂಡದ್ದೇ ತಾರೀಕು. ಸೇರಿಸಿಕೊಳ್ಳಲು ವಯಸ್ಸು ಸಾಲದ ಮಗುವಿಗೆ ಒಂದೆರಡು ವರ್ಷ ಜಾಸ್ತಿ ಬರೆಯುವುದು ಮಾಮೂಲು. ತಮಗೂ ಅಜ್ಜಂಪುರದ ಸ್ಕೂಲಿನಲ್ಲಿ ಎರಡು ವರ್ಷ ಜಾಸ್ತಿ ಬರೆದಿದ್ದಾರೆಂದು ಅವರ ತಂದೆ ಹೇಳುತ್ತಿದ್ದರಂತೆ. ತರೀಕೆರೆಯ ಕೋರ್ಟಿನಲ್ಲಿ ಅವ್ವನಿಂದ ಸಾಕ್ಷಿ ಹೇಳಿಸಿ ಅದನ್ನು ಸರಿಪಡಿಸಿಕೊಂಡರೆ ನಲವತ್ತು ಇನ್ನೂ ಎರಡು ವರ್ಷ ಮುಂದಕ್ಕೆ ಹೋಗುತ್ತದೆ ಎಂಬುದು ಲೆಕ್ಕ.

ಅವ್ವನನ್ನು ಒಂದು ಬೆಳಿಗ್ಗೆ ಮಂಡಿನೋವಿಗೆಂದು ನನ್ನ ಹತ್ತಿರ ಕರೆತಂದರು. ಗಂಡ ಹೋದ ಮೇಲೆ ಮಗನ ಜೊತೆ ಕಡೂರಿನಲ್ಲೇ ಇದ್ದ ಗಟ್ಟಿ ಹೆಂಗಸು. ಬಹಳ ದಿನ ಪುಸಲಾಯಿಸಿದ ಮೇಲೆ ಆಕೆ ಮಗನ ವಿಮಾನದಲ್ಲಿ ಒಂದು ಸುತ್ತು ಕೂರಲು ಒಪ್ಪಿದ್ದರು. ಮುಂದಿನ ಭಾನುವಾರವೇ ಅದಕ್ಕೆ ಗೊತ್ತಾಗಿತ್ತು. ಸಾಹುಕಾರರು ಅಂದು ಹಬ್ಬದ ದಿನದಂತೆ ಹಿಗ್ಗಿದ್ದರು. "ಅವ್ವಾ, ಮೇಷ್ಟ್ರು ನಂಗೆ ವಯಸ್ಸು ಜಾಸ್ತಿ ಬರ್ದಿದ್ದು ಡಾಕ್ಟ್ರಿಗೆ ಹೇಳು. ಕೋರ್ಟಲ್ಲೂ ಹಿಂಗೇ ಹೇಳ್ಬೇಕು" ಎಂದರು.

ಅವ್ವ ಮಗನ ಮುಖ ನೋಡಿದರು. "ಯಾವ ಮೇಷ್ಟ್ರು ಜಾಸ್ತಿ ಬರ್ದಿದ್ದು? ಕಮ್ಮಿ ಬರ್ಸಿದ್ದು ನಾನು ಕಣೋ."

"ಅಪ್ಪ ಹಂಗೇ ಹೇಳ್ತಿರ್ಲಿಲ್ವಾ?"

"ನಿಮ್ಮಪ್ಪಂಗೇನ್ ಗೊತ್ತು? ಊರ್ಗೆಲ್ಲ ಜಾಸ್ತಿ ಬರೀತಾರೆ, ನಮ್ಮುಡುಗಂಗೂ ಬರ್ದಿರ್ತಾರೆ ಅನ್ಕೊಂಡವ್ರು. ಸ್ಕೂಲಿಗೆ ಕೈ ಹಿಡ್ಕೊಂಡು ಹೋದೋಳು ನಾನು. ಎಂಟು ತುಂಬಿತ್ತು ನಿಂಗೆ. ಸಣ್ಣ ಮಕ್ಕಳ ಮಧ್ಯೆ ಕೋಣನಂಗೆ ಕೂತ್ರೆ ನಗ್ತಾರೆ ಅಂತ, ಆರು ಅಂತ ಬರ್ಕೊಳ್ಳಿ ಸ್ವಾಮಿ ಅಂದೆ."

ಸಾಹುಕಾರರು ಪೆಚ್ಚಾದರು. ಎರಡು ವರ್ಷ ಗಳಿಸಲು ಬಂದವರಿಗೆ ಕೈಯಲ್ಲಿದ್ದ ಎರಡು ವರ್ಷವೂ ಹೋಗಿತ್ತು. ಮೂವತ್ತೇಳು ಅಂದುಕೊಂಡಿದ್ದವರಿಗೆ ನಲವತ್ತೊಂದು. ನನಗೆ ನಗು ಬಂತು, ನಕ್ಕೆ ಕೂಡ. ನಗುತ್ತಲೇ, "ಅಷ್ಟು ತಡವಾಗಿ ಯಾಕಮ್ಮ ಸೇರಿಸಿದಿರಿ?" ಎಂದು ಕೇಳಿದೆ.

"ಹಾಸಿಗೆ ಹಿಡಿದಿದ್ದ ಕಣಪ್ಪ. ಜ್ವರ. ಇವತ್ತು ಮಂಡಿ ಊದ್ಕೊಂಡ್ರೆ ನಾಳೆ ಅದು ಇಳ್ದು ಮೊಳಕೈ. ಅದು ಇಳೀತು ಅನ್ನೋವಾಗ ಮಣಿಕಟ್ಟು. ಮುಟ್ಟಿದ್ರೆ ಕಿರುಚ್ಕೋತಿದ್ದ. ಬದುಕಿದ್ದೇ ಹೆಚ್ಚು."

ನನ್ನ ನಗು ನಿಂತಿತು. ಕೀಲಿನಿಂದ ಕೀಲಿಗೆ ಓಡಾಡುವ ಆ ಜ್ವರ ಯಾವುದೆಂದು ಡಾಕ್ಟರಾದವನಿಗೆ ಹೇಳಿಕೊಡಬೇಕಾಗಿಲ್ಲ. ಕೀಲುಗಳನ್ನು ಬಿಟ್ಟು ಹೋಗುವಾಗ ಅದು ಎಷ್ಟೋ ಮಕ್ಕಳ ಹೃದಯಕ್ಕೆ ಗುರುತು ಹಾಕಿ ಹೋಗುತ್ತದೆ, ಆ ಗುರುತು ಕಾಣಿಸಿಕೊಳ್ಳುವುದು ಮೂವತ್ತೋ ನಲವತ್ತೋ ಆದ ಮೇಲೆ. ಸಾಹುಕಾರರನ್ನು ಪರದೆಯ ಹಿಂದೆ ಕರೆದೆ. ಷಾಪಿನ ಮೆಟ್ಟಿಲು ಹತ್ತಿಸಿ ಇಳಿಸಿ, ಎಡಮಗ್ಗುಲಿಗೆ ಮಲಗಿಸಿ, ಉಸಿರು ಹಿಡಿಯಲು ಹೇಳಿ ಎದೆಯ ಮೇಲೆ ಕೊಳವೆ ಇಟ್ಟೆ. ಅಂಗಾತ ಮಲಗಿದಾಗ ನನಗಾಗಲಿ ಬೆಂಗಳೂರಿನವರಿಗಾಗಲಿ ಯಾವತ್ತೂ ಕೇಳಿಸಿರದ ಸಣ್ಣದೊಂದು ಗುಡುಗುಡು ಸದ್ದು ಅಲ್ಲಿತ್ತು.

ಅದೇ ವಾರ ಬೆಂಗಳೂರಿನ ಹೃದಯದ ಡಾಕ್ಟರನ್ನು ಕಂಡು ಬಂದರು. ಹೃದಯದ ಒಂದು ಕವಾಟ ಪೂರ್ತಿ ತೆರೆಯುತ್ತಿಲ್ಲ, ಬಡಿತ ಯಾವಾಗ ಬೇಕಾದರೂ ಅಡ್ಡಾದಿಡ್ಡಿಯಾಗಬಹುದು, ತಲೆ ಸುತ್ತಬಹುದು ಎಂದು ಅವರೂ ಹೇಳಿದರು. ಆದರೆ ಜೇಬಿನಲ್ಲಿದ್ದ ಸರ್ಟಿಫಿಕೇಟಿಗೆ ಇನ್ನೂ ಒಂದು ವರ್ಷದ ಮೇಲೆ ಆಯಸ್ಸಿತ್ತು. ಅದರಲ್ಲಿ ಅವರು ಮೂವತ್ತೊಂಬತ್ತರ, ಯಾವ ದೋಷವೂ ಇಲ್ಲದ ಗಂಡಸು.

ಭಾನುವಾರ ನನ್ನನ್ನೂ ಜೊತೆಗೆ ಕರೆದರು. ತಾವು ಹಾರಿಸದಿದ್ದರೂ ಕ್ಲಬ್ಬಿನ ತರಬೇತುದಾರರ ಜೊತೆ ಅವ್ವನನ್ನು ಒಂದು ಸುತ್ತು ಕಳಿಸಬೇಕೆಂದು ಅವರ ಆಸೆ. ಅವ್ವ ಇಳಕಲ್ ಸೀರೆ ಉಟ್ಟು, ಚೀಲದಲ್ಲಿ ತೆಂಗಿನಕಾಯಿ, ಅರಿಶಿನ ಕುಂಕುಮ, ಕರ್ಪೂರ ಇಟ್ಟುಕೊಂಡು ಬಂದಿದ್ದರು. ವಿಮಾನಕ್ಕೆ ಪೂಜೆಯಾಗದೆ ಹತ್ತುವುದಿಲ್ಲ ಎಂದು ಮೊದಲೇ ಷರತ್ತು ಹಾಕಿದ್ದರು. ಪೆಟ್ರೋಲು ತುಂಬಿದ ವಿಮಾನದ ಹತ್ತಿರ ಕರ್ಪೂರ ಹಚ್ಚಬೇಡಿ ಎಂದು ತರಬೇತುದಾರರು ಕೈಮುಗಿದು ಕೇಳಿಕೊಂಡರು. ಕಾಯಿಯೊಡೆದು ಕುಂಕುಮ ಮಾತ್ರ ಇಟ್ಟದ್ದಾಯಿತು. ತರಬೇತುದಾರರು ಬಾಗಿಲು ತೆರೆದು, "ಬನ್ನಿ ತಾಯಿ, ನಾನು ಕರ್ಕೊಂಡು ಹೋಗ್ತೀನಿ" ಎಂದರು.

ಅವ್ವ ಕದಲಲಿಲ್ಲ. "ನನ್ನ ಮಗ ಹಾರಿಸ್ತಾನೆ ಅಂತ ಬಂದೋಳು ನಾನು."

"ಅವ್ವಾ, ಹೇಳಿದೀನಲ್ಲ."

"ಆ ಕಾಗದದಾಗೆ ಇನ್ನೂ ಒಂದು ವರ್ಷ ಐತಂತಲ್ಲೋ. ಇವ್ರೂ ಯಾರೂ ಬ್ಯಾಡ ಅಂತಿಲ್ಲ. ಒಂದ್ ಸುತ್ತಿಗೆ ಏನಾಗೋಗುತ್ತೆ?"

ನಿಜ, ಕ್ಲಬ್ಬಿನವರಿಗೆ ಯಾರಿಗೂ ಏನೂ ಗೊತ್ತಿರಲಿಲ್ಲ. ನಾನು ಬಾಯಿಬಿಡುವವನಲ್ಲ ಎಂದು ಸಾಹುಕಾರರಿಗೆ ಗೊತ್ತಿತ್ತು. ವರ್ಷಗಳ ಆಸೆ ಕುಂಕುಮ ಹಚ್ಚಿಕೊಂಡು ಎದುರಿಗೇ ನಿಂತಿತ್ತು. ಅವರು ಒಂದು ಕೈಯನ್ನು ರೆಕ್ಕೆಯ ಮೇಲಿಟ್ಟರು. ಎಷ್ಟು ಕಷ್ಟವಾಗುತ್ತಿದೆ ಎಂಬುದು ಮುಖದಲ್ಲೇ ಕಾಣುತ್ತಿತ್ತು.

"ಕಾಗದಕ್ಕೆ ಗೊತ್ತಿಲ್ಲ ಕಣವ್ವ. ನಂಗೆ ಗೊತ್ತಲ್ಲ" ಎಂದರು.

ಅವ್ವ ತೆಂಗಿನಕಾಯಿಯ ಹೋಳುಗಳನ್ನು ಅಲ್ಲಿದ್ದವರಿಗೆಲ್ಲ ಹಂಚಿ ಚೀಲ ಮಡಚಿದರು. ಬೇರೆಯವರ ಜೊತೆ ಹತ್ತಲು ಕೊನೆಗೂ ಒಪ್ಪಲಿಲ್ಲ. ಸಾಹುಕಾರರು ಕ್ಲಬ್ಬಿನ ಆಫೀಸಿಗೆ ಹೋಗಿ ವಿಷಯ ತಿಳಿಸಿ, ಸರ್ಟಿಫಿಕೇಟನ್ನು ಅಲ್ಲೇ ಕೊಟ್ಟು ಬಂದರು. ವಾಪಸು ರೈಲು ಅರಸೀಕೆರೆ ದಾಟಿತು. ಆಮೇಲೆ ಅವ್ವ, "ನಾನು ಬಾಯಿ ಮುಚ್ಕೊಂಡಿರ್ಬೇಕಾಗಿತ್ತು. ನಿನ್ನ ಆಸೆಗೆ ನಾನೇ ಮಣ್ಣು ಹಾಕ್ದೆ" ಎಂದು ಕಣ್ಣೊರೆಸಿಕೊಂಡರು.

"ನೀನು ಹೇಳಿದ್ದಕ್ಕೇ ಇವತ್ತು ನಿನ್ನ ವಾಪಸ್ ಮನೆಗೆ ಕರ್ಕೊಂಡು ಹೋಗ್ತಾ ಇರೋದು. ಅಳಬೇಡ, ಆ ಕಾಯಿ ಹೋಳು ಉಳ್ದಿದ್ರೆ ಕೊಡು" ಎಂದರು ಸಾಹುಕಾರರು.

ಕಡೂರಿಗೆ ಬಂದ ಮಾರನೆಯ ದಿನದಿಂದ ಬಸ್ಸು, ಜೀಪು ಓಡಿಸುವುದನ್ನೂ ಬಿಟ್ಟರು. ಓಡಿಸಬೇಡಿ ಎಂದು ಯಾರೂ ತಡೆದಿರಲಿಲ್ಲ, ಯಾವ ಡಾಕ್ಟರ ಸಹಿಯನ್ನೂ ಕೇಳಿರಲಿಲ್ಲ. ಡ್ರೈವರು ಬಾರದ ದಿನ ಹಿಂದೆಲ್ಲ ತಾವೇ ತರೀಕೆರೆಗೆ ಬಸ್ಸು ಒಯ್ಯುತ್ತಿದ್ದವರು, ಈಗ ಅಂಥ ದಿನ ಟ್ರಿಪ್ಪನ್ನೇ ರದ್ದು ಮಾಡಿ ಜನರಿಂದ ಬೈಸಿಕೊಳ್ಳುತ್ತಿದ್ದರು. ಸಾಹುಕಾರರಿಗೆ ಧೈರ್ಯ ಹೋಯಿತು ಎಂದು ಊರವರು ಆಡಿಕೊಂಡರು. ಅವರು ಯಾರಿಗೂ ಕಾರಣ ಹೇಳಲು ಹೋಗಲಿಲ್ಲ.

ನನ್ನ ಷಾಪಿಗೆ ಬರುವುದನ್ನು ಮಾತ್ರ ಬಿಡಲಿಲ್ಲ. ವರ್ಷಕ್ಕೊಮ್ಮೆ ಬಂದು, ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಎಡಮಗ್ಗುಲಿಗೆ ಮಲಗುತ್ತಿದ್ದರು. "ನಲವತ್ತಾದೋರು ವರ್ಷಕ್ಕೊಂದ್ಸಲ ತೋರಿಸ್ಬೇಕಲ್ಲ ಡಾಕ್ಟ್ರೇ." ಆಪರೇಷನ್ ಮಾಡಿಸಿಕೊಳ್ಳಿ ಎಂದು ನಾನು ಪ್ರತಿ ಸಲ ಹೇಳುತ್ತಿದ್ದೆ. ಅವ್ವ ಇರುವವರೆಗೆ ಬೇಡ, ಆಕೆ ಹೆದರುತ್ತಾಳೆ ಎನ್ನುತ್ತಿದ್ದರು. ಅವ್ವ ಹೋಗುವ ಹೊತ್ತಿಗೆ ಆಪರೇಷನ್ನಿನ ಕಾಲವೂ ಮೀರಿತ್ತು. ಎಂಬತ್ತರ ದಶಕದ ನಡುವೆ, ಒಂದು ಬೆಳಿಗ್ಗೆ ಅಜ್ಜಂಪುರದ ಬಸ್ಸಿನ ಗಾಲಿಗಳನ್ನು ಮುಟ್ಟಿ ನೋಡಿ, ಹೊರಡಲು ಕೈ ಬೀಸಿ, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತರು. ಯಾರೋ ನನ್ನನ್ನು ಕೂಗಿದರು. ನಾನು ಓಡಿಹೋಗಿ, ಗಡಿಯಾರ ಸರಿಸಿ ಮಣಿಕಟ್ಟಿಗೆ ಬೆರಳಿಟ್ಟಾಗ ಅಲ್ಲಿ ನಾಡಿ ಇರಲಿಲ್ಲ.

ಅದಾಗಿ ಮೂರ್ನಾಲ್ಕು ವರ್ಷವಾಗಿರಬೇಕು. ನನ್ನ ಬಲಗೈ ಬೆರಳುಗಳಲ್ಲಿ ಸಣ್ಣಗೆ ನಡುಕ ಶುರುವಾಗಿತ್ತು. ಕಾಫಿ ಲೋಟ ಹಿಡಿದಾಗ ಕಾಣುವಷ್ಟಿಲ್ಲ, ಸೂಜಿಗೆ ದಾರ ಪೋಣಿಸುವಾಗ ಕಾಣುವಷ್ಟು. ಗೋಡೆಯ ಮೇಲೆ ಕಟ್ಟು ಹಾಕಿಸಿಟ್ಟಿದ್ದ ನನ್ನ ಡಿಗ್ರಿಗೆ ಯಾವ ವಯಸ್ಸಿನ ಮಿತಿಯೂ ಇಲ್ಲ. ನಡುಗುವ ಕೈಯಲ್ಲಿ ಇನ್ನೂ ಇಪ್ಪತ್ತು ವರ್ಷ ಹೊಲಿಗೆ ಹಾಕಿದ್ದರೂ ಕೇಳುವವರಿರಲಿಲ್ಲ. ಯಗಟಿ ಕಡೆಯ ರೈತನೊಬ್ಬ ಕುಡುಗೋಲಿನಿಂದ ಅಂಗೈ ಕೊಯ್ದುಕೊಂಡು ಬಂದ. ಗಾಯ ತೊಳೆದು, ಬಿಗಿಯಾಗಿ ಬಟ್ಟೆ ಕಟ್ಟಿ, ಸರ್ಕಾರಿ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟೆ.

"ಯಾಕ್ ಸಾರ್, ನಮ್ಮಪ್ಪಂಗೂ ನೀವೇ ಅಲ್ವಾ ಹೊಲ್ದಿದ್ದು? ಈಗ ಹೊಲೀಬ್ಯಾಡ ಅಂತ ಯಾರಾನಾ ಅಂದ್ರಾ?" ಎಂದು ಕೇಳಿದ.

"ಇಲ್ಲಪ್ಪ, ಯಾರೂ ಅನ್ನಲಿಲ್ಲ" ಎಂದೆ.