ಪೈಲಾ ನಂಬರ

ನಮ್ಮ ಜಿನಮತಿಗೆ ಹಟ ಹುಟ್ಟಿನಿಂದಲೇ ಬಂದದ್ದು ಎಂದು ಊರವರು ಹೇಳುತ್ತಾರೆ. ಶುದ್ಧ ಸುಳ್ಳು. ನನ್ನ ಮೈದುನ ಪಾರಿಸನನ್ನು ಮದುವೆಯಾಗಿ ಏಕಸಂಬಿಯ ನಮ್ಮ ಮನೆಗೆ ಬಂದಾಗ ಆಕೆಯ ಬಾಯಲ್ಲಿ ಮಾತೇ ಇರಲಿಲ್ಲ. ಯಾವ ಸೀರೆ ಉಡಲಿ ಎಂದು ನನ್ನನ್ನು ಕೇಳುತ್ತಿದ್ದಳು, ಅನ್ನಕ್ಕೆ ಎಷ್ಟು ನೀರಿಡಲಿ ಎಂದು ಕೇಳುತ್ತಿದ್ದಳು. ನನಗೆ ರೇಗಿಹೋಗುತ್ತಿತ್ತು. "ಎಲ್ಲಾ ನಾನೇ ಹೇಳಬೇಕಂದ್ರ ನಿನಗ್ಯಾಕ ಬೇ ತಲಿ?" ಎಂದು ಬೈದರೆ, "ನೀವು ಅದೀರಲ್ಲ ಅಕ್ಕಾ" ಎಂದು ನಗುತ್ತಿದ್ದಳು. ಇಂಥವಳು ಜನ್ಮದಲ್ಲಿ ಒಂದೇ ಒಂದು ಮಾತನ್ನು ಯಾರನ್ನೂ ಕೇಳದೆ ಆಡಿದಳು. ಆ ಮಾತು ನಮ್ಮ ಮನೆಯ ನೆಮ್ಮದಿಯನ್ನು ತಿಂದುಹಾಕಿತು.

೧೯೮೬ರ ಮಳೆಗಾಲ. ಚಾತುರ್ಮಾಸಕ್ಕೆಂದು ಮುನಿ ಮಹಾರಾಜರೊಬ್ಬರು ನಮ್ಮ ಬಸದಿಯಲ್ಲಿ ತಂಗಿದ್ದರು. ಒಂದು ರವಿವಾರ ತಾಯಿ ತಂದೆ ಮಕ್ಕಳನ್ನೆಲ್ಲ ಒಟ್ಟಿಗೆ ಕೂರಿಸಿಕೊಂಡು, ಮಕ್ಕಳ ಸಲುವಾಗಿ ಒಂದು ಗುರಿ ಇಟ್ಟುಕೊಳ್ಳಿರಿ, ಅದು ಕೈಗೂಡುವವರೆಗೆ ಯಾವುದಾದರೂ ಒಂದನ್ನು ಬಿಡುವ ನಿಯಮ ತಗೊಳ್ಳಿರಿ, ಮಕ್ಕಳೂ ತಮಗೆ ತಿಳಿದ ಗುರಿ ಹೇಳಲಿ ಎಂದರು. ಸಣ್ಣ ಗುರಿ ಸಾಕು, ಸಣ್ಣ ನಿಯಮ ಸಾಕು ಎಂದೂ ಹೇಳಿದ್ದರು. ಅದನ್ನು ಯಾರು ಕೇಳಬೇಕು? ಜನ ಎದ್ದೆದ್ದು ನಿಂತರು. ಪಾರಿಸ ತಂಬಾಕು ಬಿಟ್ಟೆ ಅಂದ. ಆ ನಿಯಮ ಬಸ್ ಸ್ಟ್ಯಾಂಡ್ ಮುಟ್ಟುವವರೆಗೂ ಬಾಳಲಿಲ್ಲ, ಆ ಮಾತು ಬೇರೆ. ನನಗೆ ಬಿಡಲು ತಕ್ಕದ್ದು ಅಂದರೆ ಸಿಟ್ಟೊಂದೇ. ಅದು ನನ್ನಿಂದ ಆಗದು ಎಂದು ಗೊತ್ತಿದ್ದುದರಿಂದ ತೆಪ್ಪಗೆ ಕೂತೆ.

ಆಗ ಜಿನಮತಿ ಎದ್ದು ನಿಂತಳು. ಪಕ್ಕದಲ್ಲಿ ಒಬ್ಬಳೇ ಮಗಳು ಸುಗಂಧಾ, ಎಂಟನೇ ಇಯತ್ತೆಯಲ್ಲಿ ಓದುವ ಹುಡುಗಿ. ಜಿನಮತಿ ಕೈಮುಗಿದು ಸ್ಪಷ್ಟವಾಗಿ ಹೇಳಿದಳು: "ನನ್ನ ಮಗಳು ಹತ್ತನೇ ಇಯತ್ತೇದಾಗ ಸಾಲಿಗೆ ಪೈಲಾ ನಂಬರ ಬರೂತನಕ ನಾ ಉಪ್ಪು ತಿನ್ನೂದಿಲ್ಲ." ಮಹಾರಾಜರು ಒಂದು ಗಳಿಗೆ ಅವಳನ್ನೇ ನೋಡಿದರು. "ವಿಚಾರ ಮಾಡಿ ಹೇಳಿದಿ ಏನವ್ವಾ?" ಎಂದು ಕೇಳಿದರು. ತಲೆ ಆಡಿಸಿದಳು. ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು. ಸುಗಂಧಾ ಮಾತ್ರ ತನ್ನ ಗುರಿ ಹೇಳುವುದನ್ನೇ ಮರೆತು ಬಾಯಿ ತೆರೆದುಕೊಂಡು ನಿಂತಿತ್ತು.

ದಾರಿಯಲ್ಲಿ ನಾನು ಕೇಳಿದೆ. "ಏನ ಬೇ, ಪೈಲಾ ನಂಬರ ಅಂದ್ರ ಏನಂತ ತಿಳಿದಿ?"

"ಫಸ್ಟ್ ಕ್ಲಾಸ್ ಅಲ್ಲೇನ್ರಿ ಅಕ್ಕಾ? ಅರವತ್ತರ ಮ್ಯಾಲೆ ಬಿದ್ರ ಬರ್ತದಲ್ಲ, ಅದು."

ನಾನು ಹಣೆ ಹಣೆ ಬಡಿದುಕೊಂಡೆ. ನಮ್ಮ ಕಡೆ ಮನೆಯೊಳಗೆ ಕನ್ನಡ, ಪೇಟೆಯೊಳಗೆ ಮರಾಠಿ. ಎರಡನ್ನೂ ಕಿವಿಯಿಂದ ಕಲಿತವಳು ಆಕೆ, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಪೈಲಾ ನಂಬರ ಅಂದರೆ ಇಡೀ ಶಾಲೆಗೆ ಒಬ್ಬರೇ, ಎಲ್ಲರಿಗಿಂತ ಮುಂದಿನವರು ಎಂದು ಬಿಡಿಸಿ ಹೇಳಿದೆ. ಅವಳ ಮುಖ ಬಿಳಚಿಕೊಂಡಿತು. ಆ ನಂಬರು ಯಾವಾಗಲೂ ಸುಗಂಧಾಳ ವರ್ಗದಲ್ಲೇ ಓದುವ, ಮುರಗೆಪ್ಪನ ಮಗಳು ಶಿವಗಂಗಾಳದು. ನಮ್ಮ ಸುಗಂಧಾ ಐದರೊಳಗೆ ಬಂದರೆ ನಾವು ಪೇಢೆ ಹಂಚುತ್ತಿದ್ದೆವು.

"ಈಗೇ ತಿರುಗಿ ಹೋಗಿ ತಪ್ಪಿ ಹೇಳಿದೆ ಅನ್ನು" ಎಂದೆ.

"ಬಸದಿಯೊಳಗ ಆಡಿದ ಮಾತು ಅಕ್ಕಾ. ತಿರುಗಿಸಿದ್ರ ಅದು ಕೂಸಿನ ಮ್ಯಾಲೆ ಬರ್ತದ." ಅಷ್ಟು ಹೇಳಿ ಸೆರಗು ಹೊದ್ದು ನಡೆದಳು. ನಾನು ಬೈದೆ, ಕೈ ಹಿಡಿದು ಎಳೆದೆ. ಬರಲಿಲ್ಲ.

ಅಂದಿನಿಂದ ಅವಳ ಗಡಿಗೆ ಬೇರೆಯಾಯಿತು. ಉಪ್ಪಿಲ್ಲದ ಬೇಳೆ, ಉಪ್ಪಿಲ್ಲದ ಪಲ್ಯ, ಜೋಳದ ರೊಟ್ಟಿ. ಹೊತ್ತು ಮುಳುಗುವ ಮುಂಚೆ ನಾವೆಲ್ಲ ಊಟಕ್ಕೆ ಕೂತಾಗ ಸುಗಂಧಾಳ ಕಣ್ಣು ಅವ್ವನ ತಾಟಿನ ಮೇಲೆ. ಮೊದಮೊದಲು ಹುಡುಗಿ ಅಳುತ್ತಿತ್ತು. "ಅವ್ವಾ, ಒಂದು ಹರಳು ಹಾಕ್ಕೋ, ನಿನ್ನ ಕಾಲಿಗೆ ಬೀಳ್ತೀನಿ" ಅನ್ನುತ್ತಿತ್ತು. ಆಮೇಲೆ ಅಳು ನಿಂತು ಓದು ಹತ್ತಿತು. ಎಂಥ ಓದು! ತಿನ್ನುವಾಗ ಓದು, ದನಕ್ಕೆ ಮೇವು ಹಾಕುವಾಗ ಓದು. ಒಂಬತ್ತನೇ ಇಯತ್ತೆಯಲ್ಲಿ ಮೂರನೆಯ ನಂಬರ ಬಂತು. ನಾವು ಹಿಗ್ಗಿದೆವು. ಹುಡುಗಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ತಲೆ ಚಚ್ಚಿಕೊಂಡಿತು.

ನಿಯಮ ಕೊಟ್ಟವರೇ ಬಿಡಿಸಲಿ ಎಂದು ನಾನೂ ಪಾರಿಸನೂ ಮಹಾರಾಜರನ್ನು ಹುಡುಕಿಕೊಂಡು ಕಾಗವಾಡಕ್ಕೆ ಹೋದೆವು. ಕಾಲ್ನಡಿಗೆಯಲ್ಲಿ ಮಹಾರಾಷ್ಟ್ರದ ಕಡೆ ಹೋದರು, ಅಲ್ಲೇ ಸಲ್ಲೇಖನ ತಗೊಂಡು ಸಮಾಧಿಯಾದರು ಎಂದು ಅಲ್ಲಿನವರು ಹೇಳಿದರು. ಬಸದಿಯ ಕಟ್ಟೆಯ ಮೇಲೆ ಕೂತು ನಾನು ಮಂದಿ ನೋಡುವಂತೆ ಅತ್ತೆ. ಬೇರೆ ಮುನಿಗಳ ಹತ್ತಿರ ಪ್ರಾಯಶ್ಚಿತ್ತ ತಗೊಂಡರೆ ಆಗುತ್ತದೆ ಎಂದು ಅಲ್ಲಿ ಪೂಜೆ ಮಾಡುವ ಉಪಾಧ್ಯೆಯವರು ಸಮಾಧಾನ ಹೇಳಿದರು. ಬಂದು ತಿಳಿಸಿದರೆ ಜಿನಮತಿ ಒಪ್ಪಬೇಕಲ್ಲ? "ಅವರಿಗೆ ಕೊಟ್ಟ ಮಾತು ಇನ್ನೊಬ್ರು ಹೆಂಗ ಬಿಡಿಸ್ತಾರ್ರಿ?" ಅಂದಳು.

ಹತ್ತನೇ ಇಯತ್ತೆಯ ಪರೀಕ್ಷೆಗೆ ತಿಂಗಳಿದೆ ಅನ್ನುವಾಗ ಕಬ್ಬಿನ ಕಟಾವು ನಡೆದಿತ್ತು. ಬಿಸಿಲಿನಲ್ಲಿ ಬೆವರು ಸುರಿಸಿ ಸುರಿಸಿ ಜಿನಮತಿ ಹೊಲದಲ್ಲೇ ಬಿದ್ದಳು. ಕೈಕಾಲು ಸೆಟೆದವು, ಕಣ್ಣು ಮೇಲೆ ಹೋದವು. ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಚಿಕ್ಕೋಡಿಯ ದವಾಖಾನೆಗೆ ಓಡಿದೆವು. ಡಾಕ್ಟರು ಸಲಾಯಿನ ಹಚ್ಚಿದರು. ಸ್ವಲ್ಪ ಎಚ್ಚರವಾಯಿತೋ ಇಲ್ಲವೋ, ತೂಗಿಬಿಟ್ಟ ಬಾಟಲಿ ನೋಡಿ ನರ್ಸ್‌ಬಾಯಿಯನ್ನು ಕೇಳಿದಳು: "ಬಾಯಾರ, ಇದರಾಗ ಏನೈತ್ರಿ?"

"ಉಪ್ಪಿನ ನೀರವ್ವಾ" ಎಂದಿತು ಆ ಪುಣ್ಯಾತ್ಮೆ.

ಜಿನಮತಿ ಸೂಜಿ ಕಿತ್ತು ಎಸೆದಳು. ರಕ್ತ ಹಾಸಿಗೆಯ ಮೇಲೆಲ್ಲ ಹರಿಯಿತು. ನಾನು ಅವಳ ಕೆನ್ನೆಗೆ ಹೊಡೆದೆ, ಹೊಡೆದು ಅವಳನ್ನೇ ತಬ್ಬಿಕೊಂಡು ಅತ್ತೆ. ಡಾಕ್ಟರು ಪಾರಿಸನನ್ನು ಹೊರಗೆ ಕರೆದು, ಹೀಗೇ ನಡೆದರೆ ಇನ್ನೊಮ್ಮೆ ಬಿದ್ದಾಗ ಉಳಿಯುವುದಿಲ್ಲ ಎಂದರು. ಆ ಮಾತು ಬಾಗಿಲ ಹಿಂದೆ ನಿಂತಿದ್ದ ಸುಗಂಧಾಳ ಕಿವಿಗೆ ಬಿತ್ತು.

ಪರೀಕ್ಷೆ ಮುಗಿಯಿತು. ಬೇಸಗೆಯ ಕೊನೆಗೆ ಒಂದು ಮಧ್ಯಾಹ್ನ ಶಾಲೆಯ ಸತ್ಯಪ್ಪ ಮಾಸ್ತರರು ಪರೀಕ್ಷೆಯ ನಿಕಾಲ ತಗೊಂಡು ತಾವೇ ಮನೆಗೆ ಬಂದರು. ನಾವು ಊಟಕ್ಕೆ ಕೂತಿದ್ದೆವು. ಮಾಸ್ತರರ ಮುಖದಲ್ಲಿ ಕಳೆ ಇರಲಿಲ್ಲ.

"ಸುಗಂಧಾ ಫೇಲ್ ಆಗ್ಯಾಳ್ರಿ. ಉಳಿದ ಎಲ್ಲಾದ್ರಾಗೂ ಛಲೋ ಮಾರ್ಕ್ಸ್ ಅದಾವ, ಆದ್ರ ಕಡೀ ಪೇಪರಿನ್ಯಾಗ ಸೊನ್ನಿ. ಸೊನ್ನಿ ಹೆಂಗ ಬರ್ತದ ತಂಗೀ? ಆರಾಮ ಇರಲಿಲ್ಲೇನು?"

ಸುಗಂಧಾ ತಲೆ ಎತ್ತಲಿಲ್ಲ. "ಆರಾಮ ಇದ್ನಿ ಸರ್. ಏನೂ ಬರೀಲಿಲ್ಲ. ಹೆಸರು ನಂಬರ ಹಾಕಿ ಖಾಲಿ ಕೊಟ್ಟು ಬಂದೆ."

ಪಾರಿಸ ಹೊಡೆಯಲು ಎದ್ದ. ನಾನು ಅವನ ಅಂಗಿ ಹಿಡಿದು ಕೂರಿಸಿದೆ. ಹುಡುಗಿ ಬಾಯಿಪಾಠ ಒಪ್ಪಿಸುವಂತೆ ಹೇಳುತ್ತಾ ಹೋಯಿತು. "ಗಣಿತ ಕೆಟ್ಟಿತ್ತು. ಶಿವಗಂಗಾಗ ಎಲ್ಲಾ ಬಂದಿತ್ತು. ನನಗ ಪೈಲಾ ನಂಬರ ಬರೂದಿಲ್ಲಂತ ಗೊತ್ತಾತು. ಪಾಸ್ ಆಗಿಬಿಟ್ರ ಹತ್ತನೇ ಇಯತ್ತೆ ಮುಗೀತು, ಅವ್ವಗ ಸಾಯೂತನಕ ಉಪ್ಪಿಲ್ಲ. ಫೇಲ್ ಆದ್ರ ಇನ್ನೊಮ್ಮಿ ಕುಂದರಬಹುದು. ಬರೂ ವರ್ಷ ಶಿವಗಂಗಾ ಇರೂದಿಲ್ಲ. ಪೈಲಾ ನಂಬರ ತಂದ ತರ್ತೀನಿ ಸರ್."

ಮಾಸ್ತರರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. "ತಂಗೀ, ಎರಡನೇ ಸಲ ಕುಂತವರಿಗೆ ಸಾಲ್ಯಾಗ ನಂಬರ ಕೊಡೂದಿಲ್ಲ. ಮೊದಲ ನನ್ನ ಒಂದು ಮಾತು ಕೇಳಬಾರದೇನವ್ವಾ?"

ಜಿನಮತಿ ಮಗಳನ್ನು ನೋಡಿದಳು. ಮೂರು ತಾಸು ಖಾಲಿ ಹಾಳೆಯ ಮುಂದೆ ಕೂತು ಬಂದ ತನ್ನ ಕೂಸನ್ನು ನೋಡಿದಳು. ಆಮೇಲೆ ಕೈ ಚಾಚಿ ನನ್ನ ಮುಂದಿದ್ದ ಉಪ್ಪಿನ ಬಟ್ಟಲನ್ನು ಎಳೆದುಕೊಂಡು, ಒಂದು ಹಿಡಿ ತನ್ನ ಬೇಳೆಗೆ ಸುರಿದು ಕಲೆಸಿದಳು. "ಪಾಪ ಬರಲಿ. ಬಂದ್ರ ನನಗಽ ಬರಲಿ" ಅನ್ನುತ್ತಾ ತುತ್ತು ಎತ್ತಿದಳು.

ನನ್ನ ಜೀವ ಹಗುರಾಯಿತು. ಕಡೆಗೂ ತಿಂದಳಲ್ಲ ನನ್ನವ್ವಾ ಎಂದು ಕೈಮುಗಿಯುವಷ್ಟರಲ್ಲಿ ಸುಗಂಧಾ ಜಿಗಿದು ಬಂದು ಅವ್ವನ ಕೈ ಹಿಡಿದಳು. ತುತ್ತು ನೆಲಕ್ಕೆ ಬಿತ್ತು. ತಾಯಿ ಇನ್ನೊಂದು ಎತ್ತಿದಳು, ಮಗಳು ಅದನ್ನೂ ತಳ್ಳಿದಳು. ತಾಯಿ ಮೂರನೆಯದನ್ನು ಬಾಯಿಗೆ ತುರುಕಿಕೊಂಡು ಕಣ್ಣು ಮುಚ್ಚಿ ನುಂಗಿದಳು.

ಹುಡುಗಿ ಅವಳ ಭುಜ ಹಿಡಿದು ಅಲುಗಾಡಿಸುತ್ತ ಚೀರಿತು: "ಉಪ್ಪು ತಿನ್ನಾಕ ಬರ್ತಿತ್ತಂದ್ರ ಮೊದಲ ಯಾಕ ತಿನ್ನಲಿಲ್ಲ ಬೇ ಅವ್ವಾ? ನಾ ಯಾಕ ಖಾಲಿ ಹಾಳಿ ಕೊಟ್ಟು ಬಂದೆ?"